ದಿಂಬಿನ ಕವರಿಗೆ ಯಾಕೆ ಮರ್ಯಾದೆ?

ಮಾರ್ಚ್ 4, ಸೋಮವಾರ

ಸೋಪಿನ ಪುಡಿ ಕಂಪನಿಯವರು ಪುಕ್ಕಟೆ ಕೊಟ್ಟ ಈ ಡೈರಿ ಇಷ್ಟು ದಿನ ನನ್ನ ಮಂಚದ ಗಿಡ್ಡ ಕಾಲಿನ ಕೆಳಗಿತ್ತು. ಇಂದು ಎಳೆದು ತೆಗೆದಿದ್ದೇನೆ. ಮಂಚ ಓಲಾಡುತ್ತಿದೆ, ಓಲಾಡಲಿ. ನನ್ನಂಥವನ ಜೀವನವನ್ನು ಯಾರಾದರೂ ಬರೆದಿಡಬೇಕು. ಬೇರೆ ಯಾರೂ ಮುಂದೆ ಬರುತ್ತಿಲ್ಲ.

ವಿಷಯ ಇಷ್ಟು. ನಮ್ಮ ಲಾಂಡ್ರಿಗೆ ದೊಡ್ಡ ಹೋಟೆಲೊಂದರ ಬಟ್ಟೆ ಬರಲಿದೆ. ಹೊಸ ಮ್ಯಾನೇಜರು, ಮೀಸೆ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿರುವ ಹುಡುಗ, ನಮ್ಮ ನಾಲ್ವರನ್ನೂ ಮಡಿಸುವ ಮೇಜಿನ ಸುತ್ತ ನಿಲ್ಲಿಸಿ ಹೇಳಿದರು:

"ಹೋಟೆಲ್‌ನವರು ಆರ್ಡರ್ ಹೇಳೋದು ಫೋನಲ್ಲಿ, ಇಂಗ್ಲಿಷಲ್ಲಿ. ಹಿಂದಿನ ಲಾಂಡ್ರಿಯವರು ಕರ್ಟನ್ಸ್ ಅಂದ್ರೆ ಒಂದೇ ಕಳಿಸ್ತಿದ್ರಂತೆ, ಕರ್ಟನ್ ಅಂದ್ರೆ ಗಾಡಿ ತುಂಬಾ ಕಳಿಸ್ತಿದ್ರಂತೆ. ಒಂದಕ್ಕೂ ಹತ್ತಕ್ಕೂ ವ್ಯತ್ಯಾಸ ಗೊತ್ತಿಲ್ದೋರು ಬೇಡ ಅಂತ ಬಿಟ್ಟಿದ್ದಾರೆ. ತಿಂಗಳ ಕೊನೇಲಿ ಅವರೇ ಫೋನ್ ಮಾಡಿ ಒಬ್ಬೊಬ್ಬರನ್ನೂ ಪರೀಕ್ಷೆ ಮಾಡ್ತಾರೆ. ಪಾಸಾದೋರು ಈ ಮೇಜಲ್ಲಿ. ಆಗದೋರು..." ಎಂದು ಬಾಗಿಲ ಕಡೆ ನೋಡಿದರು. ನಾವೂ ನೋಡಿದೆವು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ಅರ್ಥವಾಯಿತು.

ನಾವು ನಾಲ್ವರೆಂದರೆ: ಇಸ್ತ್ರಿ ನಾನು, ಎಲ್ಲರಿಗೂ ಮಾವ. ಬಟ್ಟೆಯ ಕಲೆ ತೆಗೆಯುವವನು ಕಲೆಗಾರ. ಆ ಹೆಸರು ಇಟ್ಟವನೂ ನಾನೇ. ಹೊರುವವನು ಮೂಟೆ, ನಿಂತರೂ ಕೂತರೂ ಒಂದೇ ಆಕಾರ. ಮಡಿಸಿ ಕಟ್ಟುವವಳು ದೊಡ್ಡಕ್ಕ. ಲಾಂಡ್ರಿಗೆ ಗೋಡೆ ಬರುವ ಮೊದಲೇ ದೊಡ್ಡಕ್ಕ ಬಂದಿದ್ದಳು ಎನ್ನುತ್ತಾರೆ. ಅವಳಿಗೊಂದು ಕೆಟ್ಟ ಅಭ್ಯಾಸ. ಪ್ರತಿ ಕಟ್ಟಿಗೂ ದಾರ ಬಿಗಿಯುವಾಗ ಮುಂದಿನ ಹಲ್ಲಿನ ಸಂದಿಯಿಂದ 'ಸ್ಸ್' ಎಂದು ಬುಸುಗುಟ್ಟುತ್ತಾಳೆ. ಇಷ್ಟು ವರ್ಷ ಪಕ್ಕದಲ್ಲಿ ನಿಂತು ನನ್ನ ಎಡಗಿವಿ ಹಾಳಾಗಿದೆ.

ಮ್ಯಾನೇಜರು ಹೋದ ಮೇಲೆ ಅವಳು ಕೇಳಿದಳು: "ಮಾವ, ನಿಮಗೆ ಇಂಗ್ಲಿಷ್ ಬರತ್ತಲ್ಲ, ನಮಗೂ ಒಂಚೂರು ಹೇಳ್ಕೊಡ್ತೀರಾ?"

"ಒಂಚೂರು ಯಾಕೆ, ಪೂರ್ತಿ ತಗೋ" ಎಂದೆ.

ಮಾರ್ಚ್ 5, ಮಂಗಳವಾರ

ಯಾರೂ ಓದದ ಜಾಗದಲ್ಲಿ ನಿಜ ಬರೆದರೆ ತಪ್ಪಿಲ್ಲ. ನನಗೆ ಬರುವ ಇಂಗ್ಲಿಷ್ ಎಂದರೆ ರಜಾ ಅರ್ಜಿ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದು: "ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್..." ಅಲ್ಲಿಂದ "ಯುವರ್ಸ್ ಒಬಿಡಿಯೆಂಟ್ಲಿ"ವರೆಗೆ ಒಂದೇ ಉಸಿರು. ಇದನ್ನೇ ಬ್ಯಾಂಕಿನಲ್ಲಿ ಸಿಟ್ಟಿನಿಂದ ಹೇಳಿದ್ದೇನೆ, ರೈಲಿನಲ್ಲಿ ಸೀಟಿಗಾಗಿ ಹೇಳಿದ್ದೇನೆ, ಮದುವೆಗಳಲ್ಲಿ ಆಶೀರ್ವಾದದ ಧ್ವನಿಯಲ್ಲಿ ಹೇಳಿದ್ದೇನೆ. ಧ್ವನಿ ಸರಿಯಿದ್ದರೆ ಜ್ವರವೂ ಆಶೀರ್ವಾದವಾಗುತ್ತದೆ.

ಆದರೆ ಅದರಲ್ಲಿ ಟವೆಲಿನ ಪ್ರಸ್ತಾಪ ಇಲ್ಲ.

ಮಾರ್ಚ್ 6, ಬುಧವಾರ

ಊಟದ ಬಿಡುವಿನಲ್ಲಿ ಮೊದಲ ಪಾಠ. ಇಸ್ತ್ರಿ ಮೇಜಿನ ಮೇಲೆ ಸೀಮೆಸುಣ್ಣದಿಂದ 'ಎಸ್' ಅಕ್ಷರ ಬರೆದೆ. ಚೆನ್ನಾಗಿ ಬಂತು.

"ಇಂಗ್ಲಿಷಲ್ಲಿ ಏಕವಚನ, ಬಹುವಚನ ಅಂತ ಇದೆ. ನಮ್ಮಲ್ಲೂ ಇದೆ. 'ಬಾರೋ' ಅಂದ್ರೆ ಏಕವಚನ, 'ಬನ್ನಿ' ಅಂದ್ರೆ ಬಹುವಚನ. ಮರ್ಯಾದೆ ಕೊಡಬೇಕಾದ ಕಡೆ ಕೊನೇಲಿ ಈ ಎಸ್ ಹಾಕ್ಬೇಕು. ಅಷ್ಟೇ. ಇಂಗ್ಲಿಷ್ ಮುಗೀತು."

ಕಲೆಗಾರ ತಲೆದೂಗಿದ. ಮೂಟೆ ಎಲ್ಲದಕ್ಕೂ ತಲೆದೂಗುತ್ತಾನೆ. ದೊಡ್ಡಕ್ಕ ಮಾತ್ರ ಸುಮ್ಮನಿರಲಿಲ್ಲ.

"ಮತ್ತೆ ಆ ಮ್ಯಾನೇಜರು ಪಿಲ್ಲೋ ಕವರ್ಸ್ ಅಂದ್ರಲ್ಲ?"

"ಅಂದ್ರು."

"ದಿಂಬಿನ ಕವರಿಗೆ ಯಾಕೆ ಮರ್ಯಾದೆ ಮಾವ? ಊರೋರೆಲ್ಲ ಜೊಲ್ಲು ಸುರಿಸಿರ್ತಾರೆ."

ಒಳ್ಳೆಯ ಪ್ರಶ್ನೆ. "ದೊಡ್ಡ ಹೋಟೆಲಿನ ದಿಂಬು ಅದು, ನಿಮ್ಮನೆ ದಿಂಬಲ್ಲ" ಎಂದು ಬಾಯಿ ಮುಚ್ಚಿಸಿದೆ. ಆದರೆ ಆ ಪ್ರಶ್ನೆ ನನ್ನ ಜೊತೆ ಮನೆಗೂ ಬಂತು.

ಮಾರ್ಚ್ 7, ಗುರುವಾರ

ಬೆಳಿಗ್ಗೆ ಮೂಟೆ ಮ್ಯಾನೇಜರ ಎದುರು ನಿಂತು, "ಗುಡ್ ಮಾರ್ನಿಂಗ್ ಮ್ಯಾನೇಜರ್ಸ್" ಎಂದ. ಅವರು ಹಿಂತಿರುಗಿ ನೋಡಿದರು, ಬೆನ್ನ ಹಿಂದೆ ಇನ್ನೆಷ್ಟು ಜನ ಇದ್ದಾರೋ ಎಂದು. ಆಮೇಲೆ ನಕ್ಕರು. ಆಫೀಸಿನವರೂ ನಕ್ಕರು. ಮೂಟೆಯೂ ನಕ್ಕ, ಅವನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು.

ಬೇರೆ ದಾರಿ ಇಲ್ಲ. ಇಂಗ್ಲಿಷ್ ನಿಜವಾಗಿ ಬಲ್ಲ ಒಂದು ಪ್ರಾಣಿ ನನ್ನ ತಲೆಯ ಮೇಲೆಯೇ ವಾಸವಾಗಿದೆ. ನಮ್ಮ ಅಣ್ಣನ ಹೆಂಡತಿ. ಕೆಳಗಿನ ಕೋಣೆ ನನ್ನದು, ಮೇಲಿನದು ಅವಳದು. ಸಣ್ಣ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಹತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ.

ಕಾರಣ ಅವಳೇ. ಅಣ್ಣನವರು ಕೆಲಸದಿಂದ ನಿವೃತ್ತರಾದ ದಿನ ತುಂಬಿದ ಸಭೆಯಲ್ಲಿ ನಾನು ಎದ್ದುನಿಂತು ಇಂಗ್ಲಿಷಿನಲ್ಲಿ, "ಮೈ ಬ್ರದರ್ ಈಸ್ ಎ ಗುಡ್ ಮೆನ್" ಎಂದೆ. ಮುಂದಿನ ಸಾಲಿನಿಂದ ಇವಳು, "ಮೆನ್ ಅಂತೆ! ಹಾಗಾದ್ರೆ ನನಗೆ ಎಷ್ಟು ಜನ ಗಂಡಂದಿರು?" ಅಂದಳು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅಣ್ಣನವರೂ ನಕ್ಕರು, ಹಾರ ಹಾಕಿಕೊಂಡೇ. ಅಂದೇ ನನ್ನ ಬಾಯಿಗೆ ಬೀಗ. ಅಣ್ಣನವರು ಇರುವವರೆಗೂ ಅವರೇ ಮೇಲಿನ ಮಾತು ಕೆಳಗೆ, ಕೆಳಗಿನ ಮಾತು ಮೇಲೆ ಸಾಗಿಸುತ್ತಿದ್ದರು. ಮೂರು ವರ್ಷದ ಹಿಂದೆ ಅವರು ಹೋದರು. ಈಗ ಹಿತ್ತಲಿನ ನಲ್ಲಿಯೇ ಗತಿ. ನೀರು ಹಿಡಿಯುವಾಗ ನನಗೆ ಹೇಳಬೇಕಾದ್ದನ್ನು ಅವಳು ಬಕೆಟ್ಟಿಗೆ ಹೇಳುತ್ತಾಳೆ. ಅವಳಿಗೆ ಹೇಳಬೇಕಾದ್ದನ್ನು ನಾನು ನಲ್ಲಿಗೆ ಹೇಳುತ್ತೇನೆ.

ಏಕವಚನದಲ್ಲಿ ಎರಡು ಬಗೆ. ಒಂದು ಸಲಿಗೆಯದು, ಇನ್ನೊಂದು ಸಿಟ್ಟಿನದು. ದೊಡ್ಡಕ್ಕನಿಗೆ ನಾನು ಕೊಡುವುದು ಮೊದಲನೆಯದು. ಮೇಲಿನವಳಿಗೆ ಎರಡನೆಯದು. ಹಿರಿಯ ಅತ್ತಿಗೆಯಾದರೇನು, ಈ ಡೈರಿಯಲ್ಲಿ ಅವಳಿಗೆ ಬಹುವಚನ ಸಿಗುವುದಿಲ್ಲ ಎಂದು ಈ ಮೂಲಕ ಬರೆದಿಟ್ಟಿದ್ದೇನೆ.

ಮಾರ್ಚ್ 9, ಶನಿವಾರ

ಬೆಳಿಗ್ಗೆ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಾ ನಿಂತೆ. ಮೇಲಿನವಳು ಇಳಿದು ಬಂದು ಬಕೆಟ್ ಇಟ್ಟಳು. ನಾನು ಆಕಾಶ ನೋಡಿಕೊಂಡು ಶುರು ಮಾಡಿದೆ:

"ಏನು ನಲ್ಲಿಯೇ, ಈ ಇಂಗ್ಲಿಷ್‌ನೋರು ಒಂದು ಟವೆಲಿಗೆ ಟವೆಲ್ ಅಂತಾರೆ. ಹತ್ತಾದ್ರೆ ಟವೆಲ್ಸ್ ಅಂತಾರೋ, ಇಲ್ಲ ಮರ್ಯಾದಸ್ಥ ಟವೆಲಿಗೆ ಮಾತ್ರ ಹಾಗಂತಾರೋ? ನನಗೆ ಗೊತ್ತು, ನಿನ್ನ ಪರೀಕ್ಷೆ ಮಾಡ್ತಿದೀನಿ."

ಅವಳು ಬಕೆಟ್ಟಿನ ಕಡೆ ಬಾಗಿದಳು.

"ಬಕೆಟ್ಟೇ, ಕೇಳಿಸ್ಕೋ. ಎಸ್‌ಗೂ ಮರ್ಯಾದೆಗೂ ಸಂಬಂಧ ಇಲ್ಲ. ಒಂದಿದ್ರೆ ಇಲ್ಲ, ಎರಡಿಂದ ಮೇಲೆ ಎಷ್ಟಿದ್ರೂ ಎಸ್. ರಾಜನ ಟವೆಲಾದ್ರೂ ಅಷ್ಟೇ, ನೆಲ ಒರೆಸೋದಾದ್ರೂ ಅಷ್ಟೇ."

"ನಲ್ಲಿಯೇ, ಡ್ರೆಸ್ಸಿಗೆ? ಅದರ ಕೊನೇಲಿ ಆಗ್ಲೇ ಎಸ್ ಇದೆಯಲ್ಲ."

"ಬಕೆಟ್ಟೇ, ಕೊನೇಲಿ ಬುಸ್ ಅನ್ನೋ ಪದಕ್ಕೆ ಇನ್ನೊಂದು ಬುಸ್ ಅಂಟಿಸಿದ್ರೆ ಎರಡು ಹಾವು ಕಚ್ಚಾಡ್ತವೆ. ಮಧ್ಯೆ 'ಇ' ಅನ್ನೋ ಕಡ್ಡಿ ಇಡ್ಬೇಕು. ಡ್ರೆಸಸ್. ಬ್ರಷಸ್. ಬಾಕ್ಸಸ್."

ಬಕೆಟ್ ತುಂಬಿ ಹರಿಯುತ್ತಿತ್ತು. ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ಮಾರ್ಚ್ 11, ಸೋಮವಾರ

ಹಾವು, ಕಡ್ಡಿ ಎರಡನ್ನೂ ಮೇಜಿನ ಮೇಲೆ ಬರೆದು ತೋರಿಸಿದೆ. ಕಲೆಗಾರ, "ಇಂಥ ಉಪಮೆ ನಿಮಗೇ ಹೊಳೀಬೇಕು ಮಾವ" ಎಂದ. ನಾನು ಅಲ್ಲವೆನ್ನಲಿಲ್ಲ. ಅವನೂ ಮೂಟೆಯೂ ಹಿಡಿದುಕೊಂಡರು. ಮರ್ಯಾದೆಯ ಪಾಠವನ್ನು ಹಿಂತೆಗೆದುಕೊಂಡೆ, ಅದು ಹಳೆಯ ಕಾಲದ ಇಂಗ್ಲಿಷ್ ಎಂದೆ.

ದೊಡ್ಡಕ್ಕನಿಗೆ ತಲೆಗೆ ಹೋಗುತ್ತಿಲ್ಲ. "ಟೆನ್ ಟವೆಲ್" ಎನ್ನುತ್ತಾಳೆ. ಎಸ್ ಎಲ್ಲಿ ಎಂದರೆ, "ಟೆನ್ ಅಂದೆನಲ್ಲ ಮಾವ, ಮತ್ತೆ ಬಾಲ ಬೇರೆ ಯಾಕೆ? ಹತ್ತು ಟವೆಲ್ ಅಂದ್ರೆ ನಿಮಗೆ ಒಂದು ಅಂತ ಕೇಳ್ಸತ್ತಾ?" ಎನ್ನುತ್ತಾಳೆ. ಹೌದಲ್ಲ, ನಾವು ಹತ್ತು ಟವೆಲು ಎನ್ನುತ್ತೇವೆ, ಇಪ್ಪತ್ತು ಹಾಳೆ ಎನ್ನುತ್ತೇವೆ, ಯಾರಿಗೂ ಏನೂ ಕಡಿಮೆಯಾಗಿಲ್ಲ. ಇಂಗ್ಲಿಷಿನವರಿಗೆ ಒಂದು ಸಲ ಹೇಳಿದರೆ ನಂಬಿಕೆ ಬರುವುದಿಲ್ಲವೇನೋ.

ಮಾರ್ಚ್ 13, ಬುಧವಾರ

ಇಂದು ನಲ್ಲಿಯ ಬಳಿ ಬೇಬಿ ಪದದ ಪಾಠ. ಕೊನೆಯ 'ವೈ' ಬಾಲ ಮುದುಡಿಕೊಂಡು 'ಐ' ಆಗುತ್ತದಂತೆ, ಬೇಬೀಸ್. ಸ್ಕಾರ್ಫಿನ 'ಎಫ್' ಮೆತ್ತಗಾಗಿ 'ವಿ' ಆಗುತ್ತದಂತೆ, ಸ್ಕಾರ್ವ್ಸ್. "ಒಬ್ಬನೇ ಇದ್ದಾಗ ಸೆಟೆದುಕೊಂಡಿರ್ತಾನೆ ಬಕೆಟ್ಟೇ, ನಾಲ್ಕು ಜನ ಸೇರಿದ್ರೆ ಮೆತ್ತಗಾಗ್ತಾನೆ" ಅಂದಳು ಅತ್ತಿಗೆ. ಯಾರ ಬಗ್ಗೆ ಹೇಳಿದಳೋ ಗೊತ್ತಿಲ್ಲ. ಸ್ಕಾರ್ಫಿನ ಬಗ್ಗೆಯೇ ಇರಬೇಕು.

ಮೊದಲೆಲ್ಲ ಒಂದು ಬಕೆಟ್ ಹಿಡಿಯುತ್ತಿದ್ದಳು. ಈಗ ಎರಡು ತರುತ್ತಾಳೆ. ಅಷ್ಟು ನೀರು ಒಬ್ಬಳಿಗೆ ಯಾತಕ್ಕೋ.

ಮಾರ್ಚ್ 17, ಭಾನುವಾರ

ಮೂವರು ಶಿಷ್ಯರೂ ಮನೆಗೆ ಬಂದಿದ್ದರು. ಗುರುವಿಗೆಂದು ಹೊಸ ಚಪ್ಪಲಿ ತಂದಿದ್ದರು. ಅಳತೆ ಒಂದು ಬೆರಳು ದೊಡ್ಡದು. ಇದ್ದ ಒಂದೇ ಕುರ್ಚಿಯಲ್ಲಿ ದೊಡ್ಡಕ್ಕನನ್ನು ಕೂರಿಸಿ ಬಾಗಿಲು ತೆರೆದಿಟ್ಟು ಚಹಾ ಕೊಟ್ಟೆ.

ಕಲೆಗಾರ ಕೇಳಿದ: "ಇಷ್ಟೆಲ್ಲ ಎಲ್ಲಿ ಕಲಿತ್ರಿ ಮಾವ? ಯಾರ ಹತ್ರನಾದ್ರೂ ಹೇಳಿಸ್ಕೊಂಡ್ರಾ?"

"ನಾನಾ? ಹೇಳಿಸ್ಕೊಳ್ಳೋದಾ? ನನಗೆ ಹೇಳಿಕೊಡೋಷ್ಟು ಇಂಗ್ಲಿಷ್ ಬಲ್ಲೋರು ಈ ಬೀದೀಲಿ ಯಾರಿದ್ದಾರೆ? ಎಲ್ಲ ಇಲ್ಲೇ ಹುಟ್ಟಿದ್ದು" ಎಂದು ಹಣೆ ತಟ್ಟಿಕೊಂಡೆ. ರುಚಿಯಾಗಿ ಬಂತು ಮಾತು. ಮೂಟೆ ಚಪ್ಪಾಳೆ ಹೊಡೆದ.

ಅವರನ್ನು ಕಳಿಸಲು ಹೊರಗೆ ಬಂದರೆ ಮೆಟ್ಟಿಲ ಮೇಲೆ ಅತ್ತಿಗೆ ನಿಂತಿದ್ದಳು, ಕೈಯಲ್ಲಿ ಒಂದು ತಟ್ಟೆ ಬಿಸ್ಕತ್ತು. ಬಂದವರಿಗೆಂದು ತಂದಿದ್ದಿರಬೇಕು. ಹಾಗೆಯೇ ತಿರುಗಿ ಮೇಲೆ ಹೋದಳು.

ಕೇಳಿಸಿರಲಿಕ್ಕಿಲ್ಲ.

ಮಾರ್ಚ್ 18, ಸೋಮವಾರ

ನಲ್ಲಿಯ ಹತ್ತಿರ ಯಾರೂ ಇಲ್ಲ. ಮೇಲೆ ಕೊಡಗಳೆಲ್ಲ ಮೊದಲೇ ತುಂಬಿವೆ ಅನ್ನಿಸುತ್ತದೆ.

ಮಾರ್ಚ್ 19, ಮಂಗಳವಾರ

ಯಾರೂ ಇಲ್ಲ. ನಾನೇ ಎರಡು ಸಲ ಹಲ್ಲುಜ್ಜಿದೆ.

ಮಾರ್ಚ್ 20, ಬುಧವಾರ

ಪಾಠಕ್ಕೆ ಹೊಸದೇನೂ ಇರಲಿಲ್ಲ. ರಜಾ ಅರ್ಜಿಯನ್ನು ಎರಡು ಭಾಗ ಮಾಡಿ ಹೇಳಿಕೊಟ್ಟೆ. ಮೂಟೆ ತಲೆದೂಗಿದ.

ಮ್ಯಾನೇಜರು ಬಂದು ದೊಡ್ಡಕ್ಕನ ಕೈಯಲ್ಲಿ ಆಟಿಕೆಯ ಹಾಗೆ ಫೋನ್ ಕೊಟ್ಟು ತಾವೇ ಹೋಟೆಲಿನವರಾಗಿ ಕೇಳಿದರು. ಅವಳು, "ಟೆನ್ ಟವೆಲ್, ಟೆನ್ ಶೀಟ್" ಎಂದಳು. ಬೈಯಲಿಲ್ಲ ಪುಣ್ಯಾತ್ಮರು. "ಬಿಡಿ ಅಮ್ಮಾ, ಈ ವಯಸ್ಸಲ್ಲಿ ಯಾಕೆ ಕಷ್ಟ, ಮನೇಲಿ ಆರಾಮಾಗಿರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ದೊಡ್ಡಕ್ಕ ತನ್ನ ದಾರದ ಉಂಡೆಯನ್ನು ಮೂಟೆಗೆ ಕೊಟ್ಟಳು. "ಇನ್ನು ಮೇಲೆ ನೀನೇ ಕಟ್ಟು. ಬಿಗಿಯಾಗಿ ಕಟ್ಟು."

"ಇನ್ನೂ ವಾರ ಇದೆ ದೊಡ್ಡಕ್ಕ" ಎಂದೆ.

"ನನಗೆ ಬರಲ್ಲ ಬಿಡಿ ಮಾವ. ಮನೇಲಿ ಮಗ, ಸೊಸೆ ಇಬ್ರೂ ಒಳ್ಳೇವ್ರೇ. ಆದ್ರೆ ಮನೇಲಿ ಕೂತ್ರೆ ನಾನೊಂದು ಕುರ್ಚಿ ಆಗ್ತೀನಿ. ಒರೆಸ್ತಾರೆ, ಯಾರಾದ್ರೂ ಬಂದ್ರೆ ಪಕ್ಕಕ್ಕೆ ಸರಿಸ್ತಾರೆ. ಇಲ್ಲಾದ್ರೆ ನಾನು ಕಟ್ಟದೆ ಒಂದು ಬಟ್ಟೆ ಹೊರಗೆ ಹೋಗಲ್ಲ, ನೋಡಿ."

ಇಸ್ತ್ರಿ ಒಂದು ಅಂಗಿಯ ಮೇಲೆ ಹಾಗೇ ಉಳಿದು ಅಂಗಿ ಸುಟ್ಟಿತು. ಇಷ್ಟು ವರ್ಷದಲ್ಲಿ ಇದೇ ಮೊದಲು. ಅಂಗಿಯ ಬಟ್ಟೆ ಸರಿಯಿರಲಿಲ್ಲ.

ಮಾರ್ಚ್ 21, ಗುರುವಾರ

ಕೆಲಸಕ್ಕೆ ಹೋಗುವ ಮೊದಲು ಮೆಟ್ಟಿಲು ಹತ್ತಿದೆ. ಹತ್ತು ವರ್ಷದಲ್ಲಿ ಆ ಮೆಟ್ಟಿಲು ಹತ್ತಿದ್ದು ಅಣ್ಣನವರನ್ನು ಇಳಿಸಿ ತರಲು ಮಾತ್ರ. ದೊಡ್ಡ ಅಳತೆಯ ಹೊಸ ಚಪ್ಪಲಿ ಪಟಪಟ ಬಡಿಯುತ್ತಿತ್ತು, ಗುಟ್ಟಾಗಿ ಹೋಗುವಂತೆಯೂ ಇರಲಿಲ್ಲ.

ಅತ್ತಿಗೆ ಬಾಗಿಲು ತೆಗೆದರು. ಸುತ್ತಮುತ್ತ ನಲ್ಲಿಯೂ ಇರಲಿಲ್ಲ, ಬಕೆಟ್ಟೂ ಇರಲಿಲ್ಲ. ನಾನು ಬಾಗಿಲ ಚಿಲಕ ನೋಡಿಕೊಂಡು, "ಚಿಲಕವೇ" ಎಂದು ಶುರು ಮಾಡಿದೆ.

"ಚಿಲಕಕ್ಕೆ ಇಂಗ್ಲಿಷ್ ಬರಲ್ಲ" ಎಂದರು. "ನನ್ನ ಹತ್ರ ಹೇಳು. ಅಥವಾ ಎಲ್ಲ ಹಣೇಲೇ ಹುಟ್ಟತ್ತಲ್ಲ, ಹಣೆ ತಟ್ಟಿ ಕೇಳ್ಕೋ."

ಕೇಳಿಸಿತ್ತು.

ದೊಡ್ಡಕ್ಕನ ವಿಷಯ ಹೇಳಿದೆ. ದಾರದ ಉಂಡೆ, ಕುರ್ಚಿ, ಎಲ್ಲ. ಅತ್ತಿಗೆ, "ಅವಳಿಗೋಸ್ಕರ ಬಂದೆ ನೀನು. ನಿನ್ನ ಅಣ್ಣ ಹೋದಾಗ ನನ್ನ ಹತ್ರ ಒಂದು ಮಾತು ಆಡಲಿಲ್ಲ. ಅಷ್ಟು ದೊಡ್ಡದಾಗಿತ್ತಾ ಆ ನಗು?" ಎಂದರು.

"ತಪ್ಪು ಮಾತಾಡಿದೆ ಅಂತ ನಕ್ರಿ. ತಪ್ಪೇನಿತ್ತು? ಮ್ಯಾನ್ ಅಂದ್ರೆ ಒಬ್ಬ, ಅಷ್ಟು ನನಗೂ ಗೊತ್ತಿತ್ತು. ನನಗೆ ಅನ್ನ ಹಾಕಿ ಬೆಳೆಸಿದ ಅಣ್ಣನವರನ್ನ ತುಂಬಿದ ಸಭೇಲಿ ಏಕವಚನದಲ್ಲಿ ಹೇಗೆ ಕರೀಲಿ ನಾನು? ಅದಕ್ಕೇ ಮೆನ್ ಅಂದೆ."

ಅತ್ತಿಗೆ ನನ್ನನ್ನೇ ನೋಡಿದರು. ಆಮೇಲೆ ಗೋಡೆಯ ಮೇಲಿನ ಅಣ್ಣನವರ ಫೋಟೋ ನೋಡಿದರು. ನಿವೃತ್ತಿಯ ದಿನದ್ದೇ, ಹಾರ ಹಾಕಿಕೊಂಡು ನಗುತ್ತಿರುವುದು.

"ಇದನ್ನ ಹತ್ತು ವರ್ಷದಲ್ಲಿ ಆ ನಲ್ಲಿಗಾದ್ರೂ ಹೇಳ್ಬಾರ್ದಿತ್ತೇನೋ?" ಎಂದರು. ಒಳಗೆ ಹೋಗಿ ಮುಖ ತೊಳೆದು ಬಂದರು. ಬಂದಾಗ ಕೈಯಲ್ಲಿ ಚೀಲ, ಕಾಲಲ್ಲಿ ಚಪ್ಪಲಿ.

"ಎಲ್ಲಿಗೆ?"

"ನಿನ್ನ ಲಾಂಡ್ರಿಗೆ. ನಡಿ, ನಿಂತ್ಕೊಂಡು ಏನ್ ನೋಡ್ತೀಯ?"

ಮಾರ್ಚ್ 22, ಶುಕ್ರವಾರ

ನಿನ್ನೆ ಬರೆಯಲು ಪುರಸೊತ್ತಾಗಲಿಲ್ಲ, ಉಳಿದದ್ದು ಇಂದು.

ಅತ್ತಿಗೆ ಬಂದವರೇ ಪಾಠ ಶುರು ಮಾಡಲಿಲ್ಲ. ಊಟದ ಬಿಡುವಿನವರೆಗೂ ಒಂದು ಸ್ಟೂಲಿನ ಮೇಲೆ ಕೂತು ದೊಡ್ಡಕ್ಕ ಕೆಲಸ ಮಾಡುವುದನ್ನು ನೋಡಿದರು. ದಾರದ ಉಂಡೆಯನ್ನು ಮೂಟೆಯಿಂದ ಕಿತ್ತು ಅವಳಿಗೇ ಕೊಡಿಸಿದ್ದರು. ಬಿಡಿ ಬಟ್ಟೆ ಬಂದರೆ ದೊಡ್ಡಕ್ಕ ಮಡಿಸಿ ಪಕ್ಕಕ್ಕಿಡುತ್ತಾಳೆ. ಎರಡೋ ಹತ್ತೋ ಸೇರಿದರೆ ದಾರ ಸುತ್ತಿ ಎಳೆಯುತ್ತಾಳೆ. ಸ್ಸ್.

ಬಿಡುವಾದ ತಕ್ಷಣ ಅತ್ತಿಗೆ ಎದ್ದು ಒಂದು ಟವೆಲ್ ಮುಂದಿಟ್ಟರು. "ಇದೇನು?"

"ಟವೆಲ್" ಎಂದಳು ದೊಡ್ಡಕ್ಕ, ಹೆದರಿಕೊಂಡು.

ಒಂದು ರಾಶಿ ಇಟ್ಟರು. "ಇದನ್ನ ಕಟ್ಟು. ಕಟ್ಟೋವಾಗ ಹೆಸರು ಹೇಳು."

"ಟವೆಲ್" ಎಂದು ದಾರ ಎಳೆದಳು. "ಸ್ಸ್."

ಮೂಟೆಯ ಕೈಲಿದ್ದ ಬ್ರೆಡ್ಡು ಕೆಳಗೆ ಬಿತ್ತು. ದೊಡ್ಡಕ್ಕನಿಗೆ ಏನಾಯಿತೆಂದೇ ಗೊತ್ತಾಗಲಿಲ್ಲ. "ಏನ್ರೀ? ಏನು ಮಾಡ್ದೆ?"

"ಏನಿಲ್ಲ. ಇಷ್ಟು ವರ್ಷ ದಿನಾ ಇಂಗ್ಲಿಷ್ ಮಾತಾಡಿದ್ದೀಯ, ನಿನಗೇ ಗೊತ್ತಿಲ್ಲ. ದಾರ ಬಿದ್ರೆ ಸ್ಸ್, ಇಲ್ದಿದ್ರೆ ಇಲ್ಲ. ಫೋನಲ್ಲಿ ಅವರು ಸ್ಸ್ ಅಂದ್ರೆ ನೀನು ಕಟ್ಟು. ನೀನು ಕಟ್ಟೋ ಹಾಗಿದ್ರೆ ಸ್ಸ್ ಅನ್ನು. ಪಾಠ ಮುಗೀತು."

ಇಷ್ಟು ವರ್ಷ ಪಕ್ಕದಲ್ಲಿ ನಿಂತ ನನ್ನ ಎಡಗಿವಿ ಏನು ಮಾಡುತ್ತಿತ್ತೋ. ನನ್ನ ಮನಸ್ಸಿನಲ್ಲೂ ಇದು ಬಂದಿತ್ತು ಎಂದು ಬರೆಯಲು ಹೊರಟೆ. ಬಂದಿರಲಿಲ್ಲ.

ಮಾರ್ಚ್ 25, ಸೋಮವಾರ

ಅತ್ತಿಗೆ ದಿನಾ ಬರುತ್ತಾರೆ. ನಾನು ಶಿಷ್ಯರ ಸಾಲಿನಲ್ಲಿ, ಮೂಟೆಯ ಪಕ್ಕ. ಅವನು ನನ್ನನ್ನು ನೋಡಿ ಬರೆಯುತ್ತಾನೆ, ನಾನು ಅವನನ್ನು ನೋಡಿ ಬರೆಯುತ್ತೇನೆ, ಇಬ್ಬರದೂ ತಪ್ಪು.

ಇಂದು ಚೈಲ್ಡ್. ಹೋಟೆಲಿನಲ್ಲಿ ಮಕ್ಕಳ ನಿಲುವಂಗಿ ಇರುತ್ತವಂತೆ. ದೊಡ್ಡಕ್ಕ ಥಟ್ಟನೆ, "ಚೈಲ್ಡ್, ಸ್ಸ್" ಎಂದಳು.

"ಇಲ್ಲ. ಚಿಲ್ಡ್ರನ್."

"ಮಕ್ಕಳಿಗೆ ದಾರ ಹಾಕಲ್ವಾ?"

"ಮಕ್ಕಳು ಕಟ್ಟಿದ್ರೆ ನಿಲ್ತವಾ? ಚಿಲ್ಡ್ರನ್, ಮೆನ್, ವಿಮೆನ್. ಮನುಷ್ಯರಿಗೆ ಹೊರಗಿಂದ ದಾರ ಕಟ್ಟಿ ಪ್ರಯೋಜನ ಇಲ್ಲ. ಒಳಗೇ ಬದಲಾಗಬೇಕು" ಎಂದರು ಅತ್ತಿಗೆ.

ದೊಡ್ಡಕ್ಕ ನನ್ನ ಕಡೆ ನೋಡಿ ನಕ್ಕಳು. ಅತ್ತಿಗೆಯೂ ನಕ್ಕರು. ಈ ಇಬ್ಬರು ಸೇರಿದಾಗಿನಿಂದ ನನಗೆ ಬೆಲೆಯೇ ಇಲ್ಲ. ಪಾಪ, ನಗಲಿ.

ಮಾರ್ಚ್ 28, ಗುರುವಾರ

ಪರೀಕ್ಷೆ. ಮ್ಯಾನೇಜರ ಮೇಜಿನ ಮೇಲೆ ಫೋನ್, ಎಲ್ಲರಿಗೂ ಕೇಳುವ ಹಾಗೆ ದೊಡ್ಡ ಧ್ವನಿಯಲ್ಲಿ. ಆ ಕಡೆ ಹೋಟೆಲಿನ ಹೆಂಗಸು. ದನಿಯಲ್ಲೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗಿತ್ತು.

ಕಲೆಗಾರ ಪಾಸು. ಮೂಟೆ "ಸಿಕ್ಸ್ ಬ್ಲಾಂಕೆಟ್ಸ್" ಎಂದು ಸರಿಯಾಗಿ ಹೇಳಿ, ಕೊನೆಗೆ "ಥ್ಯಾಂಕ್ಯೂ ಮೇಡಮ್ಸ್" ಎಂದ. ನನ್ನ ಮೊದಲ ಪಾಠ ಅವನಲ್ಲಿ ಇನ್ನೂ ಉಳಿದಿದೆ. ಆ ಹೆಂಗಸು ನಕ್ಕು ಪಾಸು ಮಾಡಿದರು.

ದೊಡ್ಡಕ್ಕನ ಸರದಿ. ಫೋನಿನ ಮುಂದೆ ಕೂತು ದಾರದ ಉಂಡೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಮ್ಯಾನೇಜರು, "ಅದು ಯಾಕಮ್ಮಾ?" ಎಂದರು. "ಇರ್ಲಿ ಸಾರ್" ಎಂದೆವು ಮೂವರೂ ಒಟ್ಟಿಗೆ.

ಟೇಬಲ್‌ಕ್ಲಾತ್ಸ್ ಎಂದಿತು ಫೋನು. ದೊಡ್ಡಕ್ಕನ ಕೈ ಗಾಳಿಯಲ್ಲಿ ದಾರ ಎಳೆಯಿತು. "ಟೇಬಲ್‌ಕ್ಲಾತ್, ಸ್ಸ್." ಕರ್ಟನ್ ಎಂದಿತು. ಕೈ ಮೇಲೇಳಲು ಹೋಯಿತು, ನಿಂತಿತು. "ಕರ್ಟನ್" ಎಂದಳು. "ಓನ್ಲಿ ಒನ್?" ಎಂದು ಬೇರೆ ಕೇಳಿದಳು, ಯಾರೂ ಹೇಳಿಕೊಟ್ಟಿರಲಿಲ್ಲ! ಕೊನೆಗೆ ಮಕ್ಕಳ ನಿಲುವಂಗಿ. ದೊಡ್ಡಕ್ಕ ದಾರವನ್ನು ಮಡಿಲಲ್ಲಿ ಇಳಿಸಿ, ಎರಡೂ ಕೈ ಬಿಟ್ಟು, "ಚಿಲ್ಡ್ರನ್" ಎಂದಳು.

"ವೆರಿ ಗುಡ್" ಎಂದಿತು ಫೋನು.

ನಾನು ಕುಣಿದೆನಂತೆ. ಚಪ್ಪಲಿ ಹಾರಿ ಮ್ಯಾನೇಜರ ಫೈಲಿನ ಮೇಲೆ ಬಿತ್ತಂತೆ. ನನಗೆ ನೆನಪಿಲ್ಲ.

ಆಮೇಲೆ ನನ್ನ ಹೆಸರು ಕೂಗಿದರು. ನಾನೂ ಪರೀಕ್ಷೆ ಕೊಡಬೇಕು ಎನ್ನುವುದೇ ಮರೆತುಹೋಗಿತ್ತು. ಫೋನ್ ಎತ್ತಿಕೊಂಡೆ. ಆ ಗಂಜಿ 'ಗುಡ್ ಮಾರ್ನಿಂಗ್' ಕೇಳಿದ್ದೇ ತಡ, ಟವೆಲು, ಹಾವು, ಕಡ್ಡಿ ಎಲ್ಲ ತಲೆಯಿಂದ ಇಳಿದು ಹೋಯಿತು. ಬಾಯಿ ತನಗೆ ಗೊತ್ತಿದ್ದನ್ನು ಶುರು ಮಾಡಿಬಿಟ್ಟಿತು. "ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ಹಂಬ್ಲಿ ರಿಕ್ವೆಸ್ಟ್ ಯೂ ಟು ಗ್ರಾಂಟ್ ಮಿ ಲೀವ್ ಫಾರ್ ಟೂ ಡೇಸ್..." ಯುವರ್ಸ್ ಒಬಿಡಿಯೆಂಟ್ಲಿ ಬರುವವರೆಗೂ ನಿಲ್ಲಲಿಲ್ಲ.

ಆ ಹೆಂಗಸು "ಓ, ಪೂರ್ ಮ್ಯಾನ್!" ಎಂದು ಮ್ಯಾನೇಜರನ್ನು ಕರೆದು ಚೆನ್ನಾಗಿ ಬೈದರು. ಜ್ವರ ಬಂದವನನ್ನು ಪರೀಕ್ಷೆಗೆ ಕೂರಿಸುತ್ತೀರಾ, ನಮ್ಮ ಬಟ್ಟೆಯ ಹತ್ತಿರ ಬಿಡುತ್ತೀರಾ, ಮೊದಲು ಮನೆಗೆ ಕಳಿಸಿ, ಎರಡು ದಿನ ರಜೆ ಕೊಡಿ, ಇಂಗ್ಲಿಷ್ ಮಾತ್ರ ಬಹಳ ಚೆನ್ನಾಗಿದೆ, ಎಂದರಂತೆ.

ಆ ಅರ್ಜಿ ಹೇಳಿ ನಿಜವಾಗಿ ರಜೆ ಸಿಕ್ಕಿದ್ದು ಜೀವಮಾನದಲ್ಲಿ ಇದೇ ಮೊದಲು. ಇನ್ನೊಂದು ಮಾತು: 'ಟೂ ಡೇಸ್'! ಕೊನೆಯಲ್ಲಿ ಎಸ್ ಇದೆ. ಶಾಲೆಯಿಂದ ಇಲ್ಲಿಯವರೆಗೂ ಸರಿಯಾದ ಬಹುವಚನವನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡಿದ್ದೇನೆ.

ನನ್ನ ಪರೀಕ್ಷೆ ಸೋಮವಾರಕ್ಕೆ ಹೋಗಿದೆ. ಮೇಜಿನ ಯಜಮಾನಿಕೆ ದೊಡ್ಡಕ್ಕನಿಗೆ ಬಂದಿದೆ. ಅವಳ ಮೊದಲ ಆಜ್ಞೆ: ಸೋಮವಾರದವರೆಗೆ ಮಾವನ ಇಸ್ತ್ರಿ ಯಾರೂ ಮುಟ್ಟಬಾರದು.

ಹೊರಡುವಾಗ ಮ್ಯಾನೇಜರು ಕೇಳಿದರು: "ಈ ದಾರದ ಉಪಾಯ ನಿಮ್ದಾ? ನೀವೇ ಅಲ್ವಾ ಎಲ್ರಿಗೂ ಕಲಿಸಿದ್ದು?"

ಇಂಥ ಪ್ರಶ್ನೆಗೆ ನನ್ನ ಕೈ ತಾನಾಗಿ ಹಣೆಗೆ ಹೋಗುತ್ತದೆ. ಇಂದು ಯಾಕೋ ಹೋಗಲಿಲ್ಲ.

"ನಾನು ಬರೀ ನಲ್ಲಿ ಸಾರ್" ಎಂದೆ. "ನೀರು ಮೇಲಿನ ಟ್ಯಾಂಕಿಂದು. ನಮ್ಮ ಅತ್ತಿಗೆಯವರು."

ಮಾರ್ಚ್ 30, ಶನಿವಾರ

ಜ್ವರದ ರಜೆ. ಬೆಳಿಗ್ಗೆ ನಲ್ಲಿಯ ಹತ್ತಿರ ಅತ್ತಿಗೆಯವರು ನನ್ನ ಮುಖವನ್ನೇ ನೋಡಿ, "ಜ್ವರ ಹೇಗಿದೆ?" ಎಂದರು. ನಲ್ಲಿಗೂ ಬಕೆಟ್ಟಿಗೂ ಇನ್ನು ಕೆಲಸವಿಲ್ಲ.

"ಇಳಿದಿದೆ. ಸೋಮವಾರ ಮತ್ತೆ ಏರಬಹುದು."

"ಏರಲ್ಲ. ನಾನು ಹೇಳಿದ್ದನ್ನ ಹೇಳು" ಎಂದು ಶುರು ಮಾಡಿದರು. ಟವೆಲ್, ಟವೆಲ್ಸ್. ಡ್ರೆಸ್, ಡ್ರೆಸಸ್. ಸ್ಕಾರ್ಫ್, ಸ್ಕಾರ್ವ್ಸ್. ಎಲ್ಲ ಸರಿ ಹೇಳಿದೆ, ನಾನು ಹೇಳದೆ ಇನ್ಯಾರು ಹೇಳುತ್ತಾರೆ.

"ಈಗ ವಾಕ್ಯ ಮಾಡು. ನಿನ್ನ ಅಣ್ಣನ ಬಗ್ಗೆ ಒಂದು ಹೇಳು ನೋಡೋಣ."

ನಾನು ಬಾಯಿ ಮುಕ್ಕಳಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತೆ. ಸರಿಯಾದದ್ದು ಯಾವುದೆಂದು ಚೆನ್ನಾಗಿ ಗೊತ್ತಿತ್ತು.

"ಮೈ ಬ್ರದರ್ ಈಸ್ ಎ ಗುಡ್ ಮೆನ್."

ಅತ್ತಿಗೆಯವರು ತಿದ್ದಲು ಬಾಯಿ ತೆರೆದರು. ನೀರು ಬೀಳುತ್ತಲೇ ಇತ್ತು.

"ಇರ್ಲಿ ಬಿಡು" ಎಂದರು. "ಅವರಿಗೆ ಅದೇ ಸರಿ."

ಬಕೆಟ್ ಎತ್ತಿಕೊಳ್ಳಲು ಬಾಗಿದರು. ನಾನು ಎರಡನ್ನೂ ಕಸಿದುಕೊಂಡು ಮೇಲೆ ಮುಟ್ಟಿಸಿ ಬಂದೆ. ಚಪ್ಪಲಿ ಪಟಪಟ ಎನ್ನುತ್ತಿತ್ತು, ಬೀದಿಯವರೆಲ್ಲ ಕೇಳಲಿ.

ಮಂಚ ವಿಪರೀತ ಓಲಾಡುತ್ತಿದೆ. ಈ ಡೈರಿಯನ್ನು ಮತ್ತೆ ಅದರ ಕಾಲಿಗೇ ಕೊಡುತ್ತೇನೆ.